ಬಿತ್ತಿದವನು ಒಬ್ಬ, ಪರಿಹಾರ ಇನ್ನೊಬ್ಬನ ಖಾತೆಗೆ

ಬೆಳೆ ಹಾಳಾದರೆ ಪರಿಹಾರ ಬಿತ್ತಿದವನಿಗೆ ಸಿಗಬೇಕು, ಹೊಲದ ಮಾಲೀಕನಿಗಲ್ಲ ಅನ್ನುವುದು ನನ್ನ ಮಾತು. ನಾನಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಇಲ್ಲಿ ಟ್ರಾವರ್ಸ್ ಸಿಟಿ ಸುತ್ತಮುತ್ತ ಎತ್ತ ನೋಡಿದರೂ ಚೆರ್ರಿ ತೋಟ. 2012ರ ಮಾರ್ಚ್‌ನಲ್ಲಿ ಇದ್ದಕ್ಕಿದ್ದ ಹಾಗೆ ಸೆಕೆ ಏರಿ ಮರಗಳು ಬೇಗನೆ ಮೊಗ್ಗು ಬಿಟ್ಟವು. ಏಪ್ರಿಲ್‌ನಲ್ಲಿ ಕೊರೆಯುವ ಚಳಿ ವಾಪಸ್ ಬಂದು ಹುಳಿ ಚೆರ್ರಿ ನೂರಕ್ಕೆ ತೊಂಬತ್ತರಷ್ಟು ಹೋಯಿತು. ಆಗ ಆ ಬೆಳೆಗೆ ವಿಮೆಯೇ ಇರಲಿಲ್ಲ.

ವಿಮೆ ಸಿಗದ ಬೆಳೆಗಳಿಗೆಂದೇ ಇಲ್ಲಿನ ಕೃಷಿ ಇಲಾಖೆಯ ಯೋಜನೆಯೊಂದಿದೆ, ‘ನ್ಯಾಪ್’ ಅಂತ. ಬೆಳೆಗೆ 325 ಡಾಲರ್ ಶುಲ್ಕ ಕಟ್ಟಿ ಮುಂಚೆಯೇ ಹೆಸರು ಬರೆಸಬೇಕು. ಹೊಸ ರೈತರಿಗೆ, ಆದಾಯ ಕಡಿಮೆ ಇರುವವರಿಗೆ ಶುಲ್ಕ ಮಾಫಿ. ಬೆಳೆ ಹಾಳಾದರೆ 15 ದಿನದೊಳಗೆ ತಿಳಿಸಬೇಕು; ಕೈಯಲ್ಲಿ ಕೊಯ್ಯುವ ಬೆಳೆಗಾದರೆ 72 ಗಂಟೆ ಅಷ್ಟೇ. ಇಷ್ಟಾಗಿ ಮೂಲ ಹಂತದಲ್ಲಿ ಸಿಗುವುದೇನು? ಅರ್ಧ ಇಳುವರಿಯ ನಷ್ಟ ರೈತನದೇ. ಅದಕ್ಕಿಂತ ಜಾಸ್ತಿ ಹೋದದ್ದಕ್ಕೆ ಮಾತ್ರ ಸರಾಸರಿ ದರದ ಶೇ. 55. ಹಣ್ಣಿನ ತೋಟದವರ 2012ರ ಆ ನಷ್ಟಕ್ಕೆ ಹೆಚ್ಚಿನ ನೆರವು ಕೊಡಲು ಕಾನೂನು ಬಂದದ್ದು 2014ರಲ್ಲಿ. ಅಂದರೆ ತಡ ಮಾಡುವುದರಲ್ಲಿ ಇವರೇನೂ ಹಿಂದೆ ಬಿದ್ದಿಲ್ಲ.

ನಮ್ಮ ಕರ್ನಾಟಕದ ಕಡೆ ಶುಲ್ಕದ ರಗಳೆ ಇಲ್ಲ. ಬೆಳೆ ಶೇ. 33ರಷ್ಟು ಹೋದರೆ ಸಾಕು, ಖುಷ್ಕಿಗೆ, ಅಂದರೆ ಮಳೆ ನಂಬಿದ ಹೊಲಕ್ಕೆ, ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ. ಎಕರೆಗೆ 3,400 ಬಂತು. 2025ರಲ್ಲಿ ಭೀಮೆ ಉಕ್ಕಿ ಹರಿದಾಗ ರಾಜ್ಯ ಸರ್ಕಾರ ತನ್ನ ಕಡೆಯಿಂದ ಇನ್ನೂ 8,500 ಸೇರಿಸಿತು. ಒಳ್ಳೆಯದೇ.

ನನ್ನ ತಕರಾರು ಮೊತ್ತದ್ದಲ್ಲ, ಖಾತೆಯದ್ದು. ಇಲ್ಲಿ ಹೊಲ ಯಾರದಾದರೂ ಇರಲಿ, ಬೆಳೆಯಲ್ಲಿ ಪಾಲು ಇದ್ದು ನಷ್ಟದ ಹೊಣೆ ಹೊತ್ತವನಿಗೆ ಹಣ. ಗೇಣಿದಾರನೂ ತನ್ನ ಪಾಲಿನಷ್ಟು ಕೇಳಬಹುದು. ನಮ್ಮಲ್ಲಿ ಪಹಣಿಯಲ್ಲಿ ಹೆಸರಿದ್ದವನಿಗೆ. ಕಲಬುರಗಿ ಕಡೆ ನಮ್ಮ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿದ್ದೇವೆ. ತೊಗರಿ ಬೀಜ ತಂದವರು, ಗೊಬ್ಬರಕ್ಕೆ ಸಾಲ ಮಾಡಿದವರು, ಕಳೆ ತೆಗೆಸಿದವರು ಎಲ್ಲ ಲಾವಣಿಯವರೇ. ನೀರು ನಿಂತು ಬೇರು ಕೊಳೆತದ್ದೂ ಅವರ ತೊಗರಿ. ಪರಿಹಾರ ಮಾತ್ರ ನಮ್ಮಪ್ಪನ ಖಾತೆಗೆ ಬಂತು! ಅಪ್ಪ ಅದನ್ನು ಅವರಿಗೇ ಕೊಟ್ಟರು ಅನ್ನಿ. ಕೊಡದಿದ್ದರೆ ಕೇಳುವವರು ಯಾರು? ಲಾವಣಿಗೆ ಕಾಗದವೇ ಇಲ್ಲ, ಬರೀ ಬಾಯಿಮಾತು.

ಕಾಗದ ಯಾಕಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ದೇವರಾಜ ಅರಸು ಕಾಲದ ಭೂಸುಧಾರಣೆ ಗೇಣಿಯನ್ನೇ ನಿಷೇಧಿಸಿತು. ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟ ದೊಡ್ಡ ಕೆಲಸ ಅದು, ಎರಡು ಮಾತಿಲ್ಲ. ಆದರೆ ಗೇಣಿ ನಿಲ್ಲಲಿಲ್ಲ, ಮರೆಗೆ ಸರಿಯಿತು. ಬರೆದುಕೊಟ್ಟರೆ ಹೊಲವೇ ಹೋದೀತು ಅನ್ನುವ ಭಯ ಮಾಲೀಕರಿಗೆ ಇವತ್ತಿಗೂ ಇದೆ. ನಮ್ಮ ಮನೆಯಲ್ಲೂ ಇದೆ.

ಈ ಭಯಕ್ಕೆ ದಾರಿ ಹುಡುಕಲು ಅಮೆರಿಕದವರೆಗೆ ನೋಡಬೇಕಿಲ್ಲ. ಪಕ್ಕದ ಆಂಧ್ರ 2019ರಲ್ಲೇ ಸಾಗುವಳಿದಾರರಿಗೆ 11 ತಿಂಗಳ ಚೀಟಿ ಕೊಡುವ ಕಾನೂನು ಮಾಡಿದೆ. ಭೂಮಿಯ ಹಕ್ಕು ಮಾಲೀಕನದ್ದೇ, ಬೆಳೆಯ ಹಕ್ಕು ಬೆಳೆದವನದ್ದು. ಅಲ್ಲೂ ಮಾಲೀಕನ ಒಪ್ಪಿಗೆ ಬೇಕು, ಅದೇ ತೊಡಕು. ಆದರೂ ನಮ್ಮಲ್ಲಿ ಪ್ರತಿ ಹಂಗಾಮಿಗೂ ಮೊಬೈಲ್ ಆ್ಯಪ್‌ನಲ್ಲಿ ಬೆಳೆ ಸಮೀಕ್ಷೆ ಮಾಡುತ್ತಾರಲ್ವಾ, ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ ಅಂತ ಫೋಟೊ ಸಮೇತ? ಬಿತ್ತಿದವರು ಯಾರು ಅಂತಲೂ ಅದರಲ್ಲೇ ಬರೆದುಕೊಳ್ಳಲಿ. ಅದು ಪರಿಹಾರಕ್ಕೆ ಮಾತ್ರ, ಗೇಣಿಗೆ ಸಾಕ್ಷಿಯಾಗದು ಅಂತ ಕಾನೂನಿನಲ್ಲೇ ಹೇಳಿಬಿಟ್ಟರೆ ನಮ್ಮಪ್ಪನಂಥವರೂ ಸಹಿ ಹಾಕುತ್ತಾರೆ.