ನಿದ್ದೆಯ ಮುಯ್ಯಿ

ಲಂಡನ್ನಿನವರು ಬೆಳಗಿನ 11 ಗಂಟೆಗೆ ಮುಹೂರ್ತವಿಟ್ಟುಕೊಂಡರೆ ಅದು ಮೈಸೂರಿನವರಿಗೆ ಮಧ್ಯಾಹ್ನ ಮೂರೂವರೆಯ ಕಾಫಿಯ ಹೊತ್ತಿಗೂ ನ್ಯೂಯಾರ್ಕಿನವರಿಗೆ ಬೆಳಗಿನ ಆರಕ್ಕೂ ಒದಗಿ, ಕ್ಯಾಲಿಫೋರ್ನಿಯದಲ್ಲಿರುವ ನಮ್ಮ ಪಾಲಿಗೆ ಮಾತ್ರ ನಸುಕಿನ ಮೂರು ಗಂಟೆಗೆ, ಕಳ್ಳರೂ ಕೆಲಸ ಮುಗಿಸಿ ಮಲಗುವ ಹೊತ್ತಿಗೆ, ಬಂದು ಬೀಳುತ್ತದೆ. 2011ರ ಏಪ್ರಿಲ್ 29ರಂದು ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ರಾಜಕುಮಾರ ವಿಲಿಯಂ ಮತ್ತು ಕೇಟ್ ಮಿಡ್ಲ್‌ಟನ್ ಅವರ ಮದುವೆ ನಡೆದಾಗ ಸನ್ನಿವೇಲಿನ ಬಾಡಿಗೆ ಮನೆಯೊಂದರಲ್ಲಿ ನಾನೂ ನನ್ನ ಹೆಂಡತಿಯೂ ಒಂದೇ ರಜಾಯಿಯನ್ನು ಹಂಚಿಕೊಂಡು ಟಿವಿಯ ಮುಂದೆ ರಾತ್ರಿಯೆಲ್ಲ ಎದ್ದಿದ್ದೆವು. ಆ ಶುಕ್ರವಾರ ಬ್ರಿಟನ್ನಿನವರಿಗೆ ಸಾರ್ವಜನಿಕ ರಜೆ. ನನಗೆ ಒಂಬತ್ತೂವರೆಗೆ ಮೀಟಿಂಗು.

ಎರಡೂವರೆಗೆ ಅಲಾರಾಂ ಇಟ್ಟು ಮಲಗಬಹುದಿತ್ತಲ್ಲ ಎಂದು ಆಮೇಲೆ ಕೇಳಿದವರಿದ್ದಾರೆ. ಆ ಸಲಹೆಯನ್ನು ನಾನೂ ಆ ರಾತ್ರಿ ಮುಂದಿಟ್ಟಿದ್ದೆ. ಕುಂದಾಪುರದ ಕಡೆಯವಳಾದ ನನ್ನ ಹೆಂಡತಿ ಅದನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದಳು: ಅಲಾರಾಂ ಇಟ್ಟು ಎದ್ದುಬಂದು ಆಟ ನೋಡಿದವರು ಎಲ್ಲಾದರೂ ಉಂಟೇ? ಬಯಲಾಟಕ್ಕೆ ಹೋದವರು ರಾತ್ರಿಯೆಲ್ಲ ಅಲ್ಲೇ ಇರಬೇಕು, ನಿದ್ದೆ ಬಂದರೆ ಕುಳಿತಲ್ಲೇ ತೂಕಡಿಸಬೇಕು, ಬಣ್ಣದ ವೇಷ ಬರುವಾಗ ಚೆಂಡೆಯೇ ಎಬ್ಬಿಸುತ್ತದೆ ಎಂಬುದು ಅವಳ ಶಾಸ್ತ್ರ. ಶಿವರಾತ್ರಿಯ ಜಾಗರಣೆಯನ್ನು ಕೂಡ ಹನ್ನೊಂದು ಗಂಟೆಗೆ ಮುಗಿಸಿಬಿಡುವ ಮೈಸೂರು ಮನೆತನದಿಂದ ಬಂದ ನನಗೆ ಇದಕ್ಕೆ ಉತ್ತರವಿರಲಿಲ್ಲ. ಫ್ಲಾಸ್ಕಿಗೆ ಕಾಫಿ ತುಂಬಿಸಿಟ್ಟುಕೊಂಡು ಕುಳಿತೆವು.

ಅತಿಥಿಗಳು ಬರತೊಡಗಿದ್ದು ನಮ್ಮ ಹನ್ನೆರಡೂ ಕಾಲಿಗೆ. ಅಲ್ಲಿಂದ ಮೂರರವರೆಗೆ ಏನೇನೂ ಆಗಲಿಲ್ಲ ಎಂದರೆ ಸುಳ್ಳಾಗದು. ಆದರೆ ಆ ಏನೂ ಆಗದಿರುವಿಕೆಯನ್ನು ಅವರು ಎಷ್ಟು ಅಚ್ಚುಕಟ್ಟಾಗಿ ಹರಡಿಟ್ಟಿದ್ದರೆಂದರೆ, ಮುಂದೆ ಏನೋ ಆಗುತ್ತದೆ ಎಂಬ ಆಸೆಯಿಂದ ಬಚ್ಚಲುಮನೆಗೆ ಹೋಗಿಬರಲೂ ಮನಸ್ಸಾಗುತ್ತಿರಲಿಲ್ಲ. ಯಾರು ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಎಲ್ಲಿಂದ ಹೊರಡುತ್ತಾರೆ ಎಂಬುದನ್ನೆಲ್ಲ ಅರಮನೆಯವರು ಮೊದಲೇ ಪ್ರಕಟಿಸಿದ್ದರು. ವಧು ಹೋಟೆಲಿನಿಂದ 10 ಗಂಟೆ 51 ನಿಮಿಷಕ್ಕೆ ಹೊರಡತಕ್ಕದ್ದು ಎಂದಿದ್ದರೆ ಹಾಗೆಯೇ ಹೊರಟಳು. ಮೈಸೂರಿನಲ್ಲಿ ಮಧ್ಯಾಹ್ನದ ಬೆಳಕಿನಲ್ಲಿ ಆರಾಮವಾಗಿ ಇದನ್ನೇ ನೋಡುತ್ತಿದ್ದ ನನ್ನ ತಾಯಿ ಫೋನಿನಲ್ಲಿ, ದಿಬ್ಬಣದ ಬಸ್ಸಿಗೆ ಕಾಯುವ ಸೋದರಮಾವ ಒಬ್ಬನೂ ಆ ಕುಟುಂಬದಲ್ಲಿ ಇರಲಾರ ಎಂದು ತೀರ್ಪು ಕೊಟ್ಟರು.

ಸುಮಾರು 1,900 ಅತಿಥಿಗಳು. ಅವರಲ್ಲಿ ಬಹುಪಾಲು ಹೆಂಗಸರ ತಲೆಯ ಮೇಲೆ ಒಂದೊಂದು ಟೋಪಿ. ಟೋಪಿ ಎಂದು ಕರೆಯಲು ನಾಲಿಗೆ ತಡವರಿಸುವಂಥವೂ ಇದ್ದವು: ಹಣೆಯಂಚಿಗೆ ಅಂಟಿಕೊಂಡ ತಟ್ಟೆ, ಕಿವಿಯ ಮೇಲಿಂದ ಜಿಗಿಯಲು ಸಿದ್ಧವಾದ ಗರಿ. ರಾಜಕುಮಾರಿ ಬಿಯಾಟ್ರಿಸ್ ಧರಿಸಿದ್ದ ರಿಬ್ಬನ್ನಿನ ಸುರುಳಿಯಂಥ ಟೋಪಿಯನ್ನು ಕಂಡು ಅಂದು ಜಗತ್ತೆಲ್ಲ ನಕ್ಕಿತು. ಮರುತಿಂಗಳು ಅದನ್ನೇ ಇ-ಬೇಯಲ್ಲಿ ಹರಾಜಿಗಿಟ್ಟಾಗ 81,000 ಪೌಂಡುಗಳಿಗೂ ಮಿಕ್ಕಿ ಹಣ ಬಂದು ಅಷ್ಟೂ ಮಕ್ಕಳ ಸೇವಾಸಂಸ್ಥೆಗಳಿಗೆ ಹೋಯಿತು. ನಕ್ಕವರಲ್ಲಿ ನಾನೂ ಒಬ್ಬನಾದ್ದರಿಂದ ಇದನ್ನು ಇಲ್ಲಿ ದಾಖಲಿಸುವುದು ನ್ಯಾಯ. ಅಬೆಯ ಒಳಗೆ ಕಲ್ಲುಕಂಬಗಳ ನಡುವೆ ಎಂಟು ನಿಜವಾದ ಮರಗಳನ್ನು ಕುಂಡಗಳಲ್ಲಿ ನಿಲ್ಲಿಸಿದ್ದರು. ಬಾಳೆಕಂಬ ಕಟ್ಟುವುದು ಅವರಿಗೂ ಗೊತ್ತಿದೆ ಎಂದು ಫೋನಿನ ಆ ಕಡೆಯಿಂದ ಒಪ್ಪಿಗೆಯ ದನಿ ಬಂತು.

ಎರಡು ಗಂಟೆಯ ಸುಮಾರಿಗೆ, ಕಾಫಿಯೂ ಮಾತೂ ಮುಗಿದು ತಲೆ ಹಗುರಾಗಿದ್ದಾಗ, ನನಗೊಂದು ವಿಷಯ ಹೊಳೆಯಿತು. ಹುಟ್ಟಿದಂದಿನಿಂದ ಕಡಿಮೆಯೆಂದರೂ ನೂರು ಮದುವೆಗಳಿಗೆ ಹೋಗಿರುವ ನಾನು ಒಂದು ಮದುವೆಯನ್ನೂ ನೋಡಿಲ್ಲ. ನಮ್ಮ ಛತ್ರಗಳಲ್ಲಿ ಮದುವೆಗೆ ಹೋಗುವುದು ಬೇರೆ, ಮದುವೆ ನೋಡುವುದು ಬೇರೆ. ಚಿಕ್ಕವನಿದ್ದಾಗ ಮಂಟಪದ ಹತ್ತಿರ ಹೋದರೆ ದೊಡ್ಡವರು ಅಟ್ಟುತ್ತಿದ್ದರು. ದೊಡ್ಡವನಾದ ಮೇಲೆ ಪನ್ನೀರು ಚಿಮುಕಿಸಲೋ, ಬಂದವರ ಚಪ್ಪಲಿ ಕಾಯುವ ಹುಡುಗನಿಗೆ ತಿಂಡಿ ಕಳಿಸಲೋ, ಎರಡನೆಯ ಪಂಕ್ತಿಗೆ ಎಲೆ ಹಾಕಿದ್ದಾರೆಯೇ ಎಂದು ಇಣುಕಲೋ ಯಾರಾದರೂ ಕಳಿಸುತ್ತಿದ್ದರು. ಇವೆಲ್ಲವನ್ನೂ ತಪ್ಪಿಸಿಕೊಂಡು ಮುಂದಿನ ಸಾಲಿನ ಕುರ್ಚಿ ಹಿಡಿದು ಕುಳಿತರೂ, ವಾದ್ಯದವರು ಗಟ್ಟಿಮೇಳಕ್ಕೆ ಏರಿದ ಕ್ಷಣದಲ್ಲಿ ಫೋಟೋದವರೂ ವಿಡಿಯೋದವರೂ ಅವರ ದೀಪ ಹಿಡಿಯುವವರೂ ಪುರೋಹಿತರ ಸುತ್ತ ಕೋಟೆ ಕಟ್ಟಿ ನಿಲ್ಲುವುದರಿಂದ, ನಾವು ಅಕ್ಷತೆ ಎರಚುವುದು ಸಾಮಾನ್ಯವಾಗಿ ಆ ಫೋಟೋಗ್ರಾಫರನ ಬೆನ್ನಿಗೆ. ನನ್ನ ಮದುವೆಯನ್ನಂತೂ ನಾನು ನೋಡುವ ಪ್ರಶ್ನೆಯೇ ಬರಲಿಲ್ಲ. ಹೋಮದ ಹೊಗೆಗೆ ಕಣ್ಣು ಮುಚ್ಚಿತ್ತು.

ಮೂರು ಗಂಟೆಗೆ ಸರಿಯಾಗಿ ವಧು ಅಬೆಯ ಬಾಗಿಲಿಗೆ ಬಂದಳು. ಕ್ಯಾಮೆರಾಗಳಿವೆ ಎಂಬ ಸುಳಿವೇ ಇಲ್ಲದಂತೆ ಅವುಗಳನ್ನು ಎಲ್ಲೆಲ್ಲಿಯೋ ಹುದುಗಿಸಿದ್ದರು. ನನಗೂ ಮದುವೆಗೂ ನಡುವೆ ಯಾರ ಬೆನ್ನೂ ಇರಲಿಲ್ಲ. ತಂದೆಯ ಕೈ ಹಿಡಿದು ಆಕೆ ಆ ಉದ್ದನೆಯ ನಡುದಾರಿಯನ್ನು ಕ್ರಮಿಸಲು ಸುಮಾರು ನಾಲ್ಕು ನಿಮಿಷಗಳು ಬೇಕಾದವು. ಉಡುಪನ್ನು ರೂಪಿಸಿದವರು ಯಾರೆಂಬ ಗುಟ್ಟನ್ನು ಅಂದಿನವರೆಗೆ ಕಾಪಾಡಿ, ಅಲೆಕ್ಸಾಂಡರ್ ಮೆಕ್ವೀನ್ ಸಂಸ್ಥೆಯ ಸಾರಾ ಬರ್ಟನ್ ಎಂದು ಅಂದೇ ಹೊರಗೆಡಹಿದ್ದರು. ಬಲಿಪೀಠದ ಮುಂದೆ ತಂದೆ ಮಗಳ ಬಲಗೈಯನ್ನು ಆರ್ಚ್‌ಬಿಷಪ್ಪರಿಗೆ ಒಪ್ಪಿಸಿದರು, ಅವರಿಂದ ವರ ಅದನ್ನು ತೆಗೆದುಕೊಂಡ. ಅಷ್ಟೇ. ಮಾತಿಲ್ಲ, ಕಲಶವಿಲ್ಲ, ನೀರಿಲ್ಲ. ಆದರೂ ಅದು ಧಾರೆಯೇ ಎಂಬುದರಲ್ಲಿ ಮೈಸೂರಿಗಾಗಲಿ ಸನ್ನಿವೇಲಿಗಾಗಲಿ ಸಂಶಯ ಬರಲಿಲ್ಲ. ಫೋನಿನಲ್ಲಿ ಕೆಲ ಕ್ಷಣ ಯಾರೂ ಮಾತಾಡಲಿಲ್ಲ.

ವೇಲ್ಸಿನ ಚಿನ್ನದಿಂದ ಮಾಡಿದ ಉಂಗುರ ವಧುವಿನ ಬೆರಳಿನ ಗೆಣ್ಣಿನ ಬಳಿ ತುಸು ಸಿಕ್ಕಿಕೊಂಡಿತು. ನಮ್ಮಲ್ಲಾದರೆ ತಾಳಿಯ ಗಂಟಿಗೆ ತಡವಾದರೆ ಹಿಂದೆ ನಿಂತ ವರನ ಅಕ್ಕನೋ ತಂಗಿಯೋ ಕೈಹಾಕುತ್ತಾಳೆ. ಅಲ್ಲಿ ಯಾರೂ ಮುಂದೆ ಬರಲಿಲ್ಲ. ಭವಿಷ್ಯದ ದೊರೆ ಕೋಟಿಗಟ್ಟಲೆ ಜನರ ಎದುರು ಒಬ್ಬನೇ ಒತ್ತಿ ಒತ್ತಿ ಅದನ್ನು ಏರಿಸಬೇಕಾಯಿತು. ಅವಳ ಪ್ರಮಾಣವಚನದಲ್ಲಿ ಗಂಡನಿಗೆ ವಿಧೇಯಳಾಗಿರುತ್ತೇನೆ ಎಂಬ ಹಳೆಯ ಮಾತು ಇರಲಿಲ್ಲ. 1981ರಲ್ಲಿ ಡಯಾನಾ ಕೂಡ ಅದನ್ನು ಬಿಟ್ಟಿದ್ದಳು. ಬದಲಿಗೆ ವರನ ಹೆಸರುಗಳನ್ನು ಹಿಂದುಮುಂದು ಮಾಡಿ ಹೇಳಿದ್ದಳು. ಹುಡುಗನಿಗೆ ಉಂಗುರವಿಲ್ಲವೇ ಎಂದು ತಾಯಿ ಕೇಳಿದರು. ಇಲ್ಲ, ಅವನು ತೊಡುವುದಿಲ್ಲವಂತೆ ಎಂದೆ. ತಾಳಿಯನ್ನು ಕಟ್ಟಿದವರೇ ಹೊರತು ಕಟ್ಟಿಸಿಕೊಂಡ ಗಂಡಸರು ಯಾರಿದ್ದಾರೆ ಎಂದು ನನ್ನ ಹೆಂಡತಿ ರಜಾಯಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

ನಾಲ್ಕೂ ಕಾಲರ ಹೊತ್ತಿಗೆ ಶಾಸ್ತ್ರಗಳು ಮುಗಿದು, ನವದಂಪತಿಗಳು ತೆರೆದ ಸಾರೋಟಿನಲ್ಲಿ ಅರಮನೆಗೆ ಹೊರಟರು. ಅಲ್ಲಿಂದ ಉಪ್ಪರಿಗೆಯಲ್ಲಿ ಕಾಣಿಸಿಕೊಳ್ಳುವವರೆಗೆ ಮತ್ತೆ ಒಂದು ಗಂಟೆಯಷ್ಟು ಬಿಡುವು. ಇಂಥ ಬಿಡುವಿನಲ್ಲಿಯೇ ಮನುಷ್ಯನಿಗೆ ತಾನು ಏನು ಮಾಡುತ್ತಿದ್ದೇನೆ ಎಂಬ ಪ್ರಶ್ನೆ ಬರುವುದು. ನಾನು ಹುಟ್ಟಿದ ದೇಶ 1971ರಲ್ಲಿ ಸಂವಿಧಾನವನ್ನೇ ತಿದ್ದಿ ರಾಜಧನವನ್ನು ರದ್ದು ಮಾಡಿದ್ದು. ನಾನು ಕುಳಿತಿದ್ದ ದೇಶ 1776ರಲ್ಲಿ ಇದೇ ಅರಮನೆಯ ಪೂರ್ವಿಕರೊಬ್ಬರನ್ನು ಬೇಡವೆಂದು ಬರೆದುಕೊಟ್ಟದ್ದು. ಆ ದೇಶದ ಚಾನೆಲ್ಲುಗಳು ತಮ್ಮ ಹೆಸರಾಂತ ನಿರೂಪಕರನ್ನೆಲ್ಲ ಲಂಡನ್ನಿಗೆ ಸಾಗಿಸಿದ್ದವು. ರಾಜರು ಬೇಡವೆಂದವರಿಗೂ ರಾಜರ ಮನೆಯ ಮದುವೆ ಬೇಡವಾಗಿರಲಿಲ್ಲ.

ಹಾಗೆ ನೋಡಿದರೆ ಇವರ ಮದುವೆಗಳಿಗೆ ನಮ್ಮಂಥವರನ್ನು ಕರೆಯುವ ಇರಾದೆ ಮೊದಲು ಇರಲೂ ಇಲ್ಲ. 1923ರಲ್ಲಿ ಇದೇ ಅಬೆಯಲ್ಲಿ ಮುಂದೆ ಆರನೆಯ ಜಾರ್ಜ್ ಆದವರ ಮದುವೆಯನ್ನು ರೇಡಿಯೋದಲ್ಲಿ ಬಿತ್ತರಿಸುವ ಪ್ರಸ್ತಾಪ ಬಂದಾಗ, ಜನ ಪಬ್ಬುಗಳಲ್ಲಿ ಟೋಪಿಯನ್ನೂ ತೆಗೆಯದೆ ಕೇಳಿಬಿಟ್ಟಾರು ಎಂಬ ಅಂಜಿಕೆಯಿಂದ ಧರ್ಮಾಧಿಕಾರಿಗಳು ಒಪ್ಪಲಿಲ್ಲ. 1947ರಲ್ಲಿ ಎಲಿಜಬೆತ್ ಅವರ ಮದುವೆ ರೇಡಿಯೋಗೆ ಬಂತು; ಉಡುಗೊರೆಗಳ ನಡುವೆ ಗಾಂಧೀಜಿ ತಾವೇ ನೂತ ನೂಲಿನಿಂದ ಮಾಡಿಸಿ ಕಳಿಸಿದ ಬಟ್ಟೆಯೂ ಇತ್ತು, ಅದನ್ನು ಮೇರಿ ರಾಣಿ ಲಂಗೋಟಿಯೆಂದು ತಿಳಿದರಂತೆ. 1960ರಲ್ಲಿ ರಾಜಕುಮಾರಿ ಮಾರ್ಗರೆಟ್‌ಳ ಮದುವೆ ಟಿವಿಗೂ ಬಂತು. ಪಬ್ಬಿನಲ್ಲಿ ಟೋಪಿ ಹಾಕಿಕೊಂಡು ಕೇಳುವವರಿಗೆ ಹೆದರಿದ ಆ ಧರ್ಮಾಧಿಕಾರಿಗಳು, ಪಂಚೆಯ ಮೇಲೆ ಸ್ವೆಟರ್ ತೊಟ್ಟು ಕಾಲನ್ನು ಟೀಪಾಯಿಯ ಮೇಲಿಟ್ಟುಕೊಂಡು ಕುಳಿತಿದ್ದ ನನ್ನನ್ನು ನೋಡಬೇಕಿತ್ತು.

ಕರೆಯದ ಮದುವೆಗೆ ಹೋಗುವುದು ನಮ್ಮಲ್ಲಿ ಮರ್ಯಾದೆಯ ವಿಷಯ. ಹೋದರೂ ಮುಯ್ಯಿ ಮಾಡದೆ ಬರುವಂತಿಲ್ಲ. ಕವರಿನೊಳಗೆ ಎಷ್ಟಿಡಬೇಕು ಎಂದು ಅವರು ನಮ್ಮ ಮನೆಯಲ್ಲಿ ಮಾಡಿದ್ದನ್ನು ಪುಸ್ತಕ ತೆಗೆದು ನೋಡುವ ವಾಡಿಕೆ ನಮ್ಮಮ್ಮನಿಗೆ ಈಗಲೂ ಇದೆ. ಬಕಿಂಗ್‌ಹ್ಯಾಮ್ ಅರಮನೆಯವರು ನಮಗೆ ಏನನ್ನೂ ಮಾಡಿಲ್ಲವಾದ್ದರಿಂದ ನಾವು ಒಂದು ರಾತ್ರಿಯ ನಿದ್ದೆಯನ್ನು ಮುಯ್ಯಿ ಮಾಡಿದೆವೆಂದು ನಾನು ಇಟ್ಟುಕೊಂಡಿದ್ದೇನೆ. ಇದು ಹುಡುಗಾಟದ ಮಾತಲ್ಲ. 2016ರ ಜೂನ್ 27ರಂದು ನಮ್ಮದೇ ಮೈಸೂರಿನ ಅರಮನೆಯಲ್ಲಿ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಅವರಿಗೂ ಡುಂಗರ್‌ಪುರದ ತ್ರಿಶಿಕಾ ಕುಮಾರಿಯವರಿಗೂ ಮದುವೆಯಾಯಿತು. ಅಲ್ಲಿನ ಸೋಮವಾರದ ಬೆಳಗು ನಮಗೆ ಭಾನುವಾರದ ರಾತ್ರಿಯ ಊಟದ ಹೊತ್ತು. ಒಗೆದ ಬಟ್ಟೆ ಮಡಚುತ್ತ, ಫೋನಿಗೆ ಬಂದ ದೃಶ್ಯಗಳನ್ನು ಒಂದು ಕಣ್ಣಿನಲ್ಲಿ ನೋಡಿ ಸಕಾಲಕ್ಕೆ ಮಲಗಿದೆವು. ದಸರೆಯಲ್ಲಿ ತಂದೆಯ ಹೆಗಲೇರಿ ಜಂಬೂಸವಾರಿ ನೋಡಿದವನು ನಾನು. ಆದರೂ ಆ ಮದುವೆಯಲ್ಲಿ ಯಾವ ಬಣ್ಣದ ಸೀರೆ ಎಂದು ಕೇಳಿದರೆ ಹೇಳಲಾರೆ. ಇಂಗ್ಲೆಂಡಿನ ರಾಣಿ ಅಂದು ಉಟ್ಟಿದ್ದು ಹಳದಿ ಎಂಬುದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಐದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ಉಪ್ಪರಿಗೆಯ ಬಾಗಿಲು ತೆರೆಯಿತು. ದಂಪತಿಗಳು ಮುತ್ತಿಟ್ಟುಕೊಂಡರು, ಜನರಿಗೆ ಸಾಲದೆಂದು ಇನ್ನೊಮ್ಮೆ ಇಟ್ಟುಕೊಂಡರು. ಕೆಳಗಿನ ಕೂಗಾಟ ತಾಳಲಾರದೆ ಮೂರು ವರ್ಷದ ಪುಟ್ಟ ಹುಡುಗಿಯೊಂದು ಎರಡೂ ಕಿವಿ ಮುಚ್ಚಿಕೊಂಡು ಮುಖ ಗಂಟಿಕ್ಕಿ ನಿಂತಿತ್ತು. ಅಷ್ಟು ದೊಡ್ಡ ಮದುವೆಯಲ್ಲಿ ಛತ್ರದ ಮಗುವಿನಂತೆ ನಡೆದುಕೊಂಡದ್ದು ಅದೊಂದೇ. ಮೇಲೆ ಹಳೆಯ ಯುದ್ಧವಿಮಾನಗಳು ಹಾರಿಹೋದವು. ಆಮೇಲೆ ಎಲ್ಲರೂ ಒಳಗೆ ಹೋದರು, ಬಾಗಿಲು ಮುಚ್ಚಿತು, ಕ್ಯಾಮೆರಾ ಹೊರಗೇ ಉಳಿಯಿತು.

ಮೈಸೂರಿನಲ್ಲಿ ಆಗ ಸಂಜೆ ಆರು. ದೀಪ ಹಚ್ಚುವ ಹೊತ್ತಾಯಿತು, ಇಡುತ್ತೇನೆ ಎಂದ ತಾಯಿ, ಇಡುವ ಮುನ್ನ, ಅಷ್ಟು ಹೊತ್ತಿನಿಂದ ಕೇಳದೆ ತಡೆದುಕೊಂಡಿದ್ದ ಪ್ರಶ್ನೆಯನ್ನು ಕೇಳಿದರು: ಊಟಕ್ಕೆ ಏನು ಮಾಡಿಸಿದ್ದಾರಂತೆ? ಅದನ್ನು ತೋರಿಸಲಿಲ್ಲ ಎಂದೆ. ಬೆಳಗಿನಿಂದ ಕುಳಿತವರಿಗೆ ಎಲೆಯನ್ನೇ ತೋರಿಸದೆ ಕಳಿಸಿದರೇ ಎಂದು ನೊಂದುಕೊಂಡು ಫೋನಿಟ್ಟರು. ಕಿಟಕಿಯಾಚೆ ಆಕಾಶ ಬೂದಿಬಣ್ಣಕ್ಕೆ ತಿರುಗಿ, ಕಸದ ಲಾರಿ ಬೀದಿಯ ಆ ತುದಿಗೆ ಬಂದಿತ್ತು. ಅಡುಗೆಮನೆಯಿಂದ ತುಪ್ಪದಲ್ಲಿ ರವೆ ಹುರಿಯುವ ವಾಸನೆ ಬಂತು. ಉಪ್ಪಿಟ್ಟಿಗೆ ಇರಬೇಕೆಂದು ಎದ್ದು ಹೋಗಿ ನೋಡಿದರೆ, ಅವಳು ಕೇಸರಿಬಾತಿಗೆ ಸಕ್ಕರೆ ಅಳೆಯುತ್ತಿದ್ದಳು.