ತೊಡೆ ಒತ್ತಿ ಕರುಳಿನ ಸುದ್ದಿ ಹೇಳಬಹುದೇ?

ಕೈಯನ್ನೋ ಕಾಲನ್ನೋ ಒತ್ತಿ ಸ್ನಾಯುವಿನ ಬಲ ನೋಡುವುದು, ಸೋತ ಸ್ನಾಯುವಿನ ಮೇಲೆ ಯಾವ ಮೆರಿಡಿಯನ್ (ಚೀನೀ ವೈದ್ಯದ ಪ್ರಕಾರ ಮೈಯಲ್ಲಿ ಜೀವಶಕ್ತಿ ಹರಿಯುವ ದಾರಿ, ಬಹುಪಾಲು ಒಂದೊಂದು ಅಂಗದ ಹೆಸರಿನದು) ಕೆಟ್ಟಿದೆ ಎಂದು ಹೇಳುವುದು, ಅದರ ಅಕ್ಯುಪಂಕ್ಚರ್ ಬಿಂದುವನ್ನು ತಟ್ಟಿ ಮತ್ತೆ ಬಲ ನೋಡುವುದು. ಅಪ್ಲೈಡ್ ಕೈನೀಸಿಯಾಲಜಿಯವರ ಪದ್ಧತಿ ಇದು. ಇದನ್ನು ನಂಬಬಹುದೇ? ಪರವಾಗಿ ಒಬ್ಬ ಪ್ರಕೃತಿ ಚಿಕಿತ್ಸಾ ವೈದ್ಯೆ, ವಿರೋಧವಾಗಿ ಒಬ್ಬ ಫಿಸಿಯೋಥೆರಪಿಸ್ಟ್ ಬರೆದಿದ್ದಾರೆ.

ಪರ: ಮುಟ್ಟಿ ನೋಡಿ, ಆಮೇಲೆ ಮಾತಾಡಿ

ನಮ್ಮ ಅತ್ತೆಗೆ ಮೆಟ್ಟಿಲು ಹತ್ತುವಾಗ ಎಡಮಂಡಿ ಕೈಕೊಡುತ್ತಿತ್ತು. ನೋವು ಅಂಥದ್ದೇನಿಲ್ಲ, ಇದ್ದಕ್ಕಿದ್ದಂತೆ ಕಾಲಿನಲ್ಲಿ ಜೀವವೇ ಇಲ್ಲದ ಹಾಗೆ ಆಗುವುದು. ಎಕ್ಸ್‌ರೇ ಆಯಿತು. ‘ವಯಸ್ಸಾಯಿತಲ್ಲ, ಸವೆತ’ ಅಂದರು. ಮುಲಾಮು, ಮಾತ್ರೆ, ಮೂರು ತಿಂಗಳು. ಈ ಮೂರು ತಿಂಗಳಲ್ಲಿ ಒಬ್ಬ ಡಾಕ್ಟರೂ ಆ ಮಂಡಿಯನ್ನು ಮುಟ್ಟಿ ನೋಡಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಹೇಳುತ್ತೇನೆ.

ನಾನಾಗ ಈ ಪದ್ಧತಿಯನ್ನೇ ಸರಳ ಮಾಡಿ ಕಲಿಸುವ ಟಚ್ ಫಾರ್ ಹೆಲ್ತ್ ಶಿಬಿರ ಮುಗಿಸಿ ಬಂದ ಹೊಸತು. ಸಿಕ್ಕಿದವರ ಕೈಯನ್ನೆಲ್ಲ ಒತ್ತಿ ನೋಡುವ ಚಪಲ. ಒಂದು ಮಧ್ಯಾಹ್ನ ಅತ್ತೆಯನ್ನು ಹಜಾರದ ಮಂಚದ ಅಂಚಿಗೆ ಕೂರಿಸಿದೆ. ಮಂಡಿ ಮಡಿಸಿದಂತೆಯೇ ಎಡತೊಡೆಯನ್ನು ಒಂದು ಗೇಣು ಮೇಲೆತ್ತಿಸಿ, ‘ಅತ್ತೆ, ನಾನು ಕೆಳಗೆ ಒತ್ತುತ್ತೇನೆ, ನೀವು ಬಿಟ್ಟುಕೊಡಬೇಡಿ’ ಅಂದೆ. ಸುಮ್ಮನೆ ಅಂಗೈ ಇಟ್ಟು ಒತ್ತಿದ್ದಕ್ಕೇ ತೊಡೆ ಹಾಸಿಗೆಗೆ ಬಿತ್ತು. ಬಲಗಡೆಯದು ಜಪ್ಪಯ್ಯ ಅನ್ನಲಿಲ್ಲ. ಆಮೇಲೆ ಅವರದೇ ಕೈಯನ್ನು ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ, ಸೆರಗಿನ ಮೇಲೇ ಇಡಿಸಿದೆ. ಚೀನೀಯರು ಗ್ವಾನ್‌ಯುವಾನ್ ಎನ್ನುವ ಬಿಂದು ಅದು, ಸಣ್ಣ ಕರುಳಿನ ಅಲಾರ್ಮ್ ಪಾಯಿಂಟ್, ಅಂದರೆ ಆ ಅಂಗ ಕೆಟ್ಟರೆ ಸೂಚನೆ ಕೊಡುತ್ತದೆ ಎನ್ನುವ ಜಾಗ. ಮತ್ತೆ ಒತ್ತಿದೆ. ತೊಡೆ ನಿಂತಿತು! ಕೈ ತೆಗೆಸಿದೆ, ಬಿತ್ತು. ಇಡಿಸಿದೆ, ನಿಂತಿತು.

ಕೈನೀಸಿಯಾಲಜಿಯ ಲೆಕ್ಕದಲ್ಲಿ ತೊಡೆಯ ಮುಂಭಾಗದ ದೊಡ್ಡ ಸ್ನಾಯು, ಕ್ವಾಡ್ರಿಸೆಪ್ಸ್, ಸಣ್ಣ ಕರುಳಿನ ಮೆರಿಡಿಯನ್‌ಗೆ ಸೇರಿದ್ದು. ಆ ಮೆರಿಡಿಯನ್ನನ್ನು ಚುರುಕು ಮಾಡುವ ಬಿಂದು ಅಂಗೈಯ ಕಿರುಬೆರಳ ಬದಿಯಲ್ಲಿದೆ. ಮುಷ್ಟಿ ಹಿಡಿದಾಗ ಅಂಗೈ ಗೆರೆ ಎಲ್ಲಿ ಮುಗಿಯುತ್ತದೋ ಅಲ್ಲಿ. ಅಲ್ಲಿ ಒಂದು ನಿಮಿಷ ತಟ್ಟಿ, ‘ಅತ್ತೆ, ಹೊಟ್ಟೆ ಸರಿಯಿದೆಯಾ?’ ಅಂದೆ. ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ‘ಯಾರೇ ಹೇಳಿದ್ದು ನಿನಗೆ? ಅವನಾ?’

ಅವನು ಎಂದರೆ ನನ್ನ ಗಂಡ. ಪಾಪ, ಅವರಿಗೂ ಗೊತ್ತಿರಲಿಲ್ಲ. ದೇವರ ಗೂಡಿನಲ್ಲಿ ಎಣ್ಣೆ ಬಾಟಲಿಯ ಹಿಂದೆ ಗ್ಯಾಸಿನ ಔಷಧಿಯ ಬಾಟಲಿ ಅಡಗಿಸಿಟ್ಟು, ಎರಡು ತಿಂಗಳಿಂದ ಯಾರಿಗೂ ಹೇಳದೆ ಕುಡಿಯುತ್ತಿದ್ದರಂತೆ. ಊಟವಾದ ಮೇಲೆ ಹೊಟ್ಟೆಯುಬ್ಬರ, ರಾತ್ರಿ ನಿದ್ದೆಯಿಲ್ಲ. ಸೊಸೆ ಡಾಕ್ಟರು, ಗೊತ್ತಾದರೆ ಬೋಂಡ ನಿಲ್ಲಿಸುತ್ತಾಳೆ ಎಂಬ ಭಯ. ನಿಲ್ಲಿಸಿದೆ ಕೂಡ. ದಿನಕ್ಕೆ ಎರಡು ಸಲ ಬಿಂದು ತಟ್ಟಿದೆವು. ಕಾಲು ಎತ್ತಿ ಇಳಿಸುವ ವ್ಯಾಯಾಮವನ್ನೂ ಹೇಳಿದ್ದೆ, ಅದಿರಲಿ. ತಿಂಗಳು ತುಂಬುವಷ್ಟರಲ್ಲಿ ಹಪ್ಪಳ ಒಣಗಿಸಲು ಒಬ್ಬರೇ ತಾರಸಿಗೆ ಹತ್ತಿದರು. ಇಳಿದು ಬಂದು, ‘ಮೇಲೆ ಟ್ಯಾಂಕು ಸೋರುತ್ತಿದೆ, ನೀವ್ಯಾರೂ ನೋಡೇ ಇಲ್ಲ’ ಎಂದು ನಮಗೇ ಬೈದರು.

ಇದು ಕಾಕತಾಳೀಯ ಎನ್ನುವವರಿಗೆ ಜಾರ್ಜ್ ಗುಡ್‌ಹಾರ್ಟ್ ಕಥೆ ಹೇಳಬೇಕು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕೈರೋಪ್ರ್ಯಾಕ್ಟರ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸರಿಪಡಿಸುವ ಚಿಕಿತ್ಸಕ, ಆಗಿದ್ದವರು. 1964ರಲ್ಲಿ ಅವರ ಬಳಿ ಬಂದ ಯುವಕನೊಬ್ಬನ ಬೆನ್ನಿನ ರೆಕ್ಕೆಮೂಳೆ ಹೊರಗೆ ಚಾಚಿಕೊಂಡಿತ್ತು. ಅದನ್ನು ಪಕ್ಕೆಲುಬಿಗೆ ಒತ್ತಿ ಹಿಡಿಯುವ ಸೆರೇಟಸ್ ಸ್ನಾಯು ಸೋತಿತ್ತು. ಗುಡ್‌ಹಾರ್ಟ್ ಬೆರಳಾಡಿಸಿ ನೋಡಿದಾಗ ಸ್ನಾಯು ಮೂಳೆಗೆ ಅಂಟುವ ಕಡೆ ಸಣ್ಣ ಸಣ್ಣ ಗಂಟುಗಳು ಸಿಕ್ಕವು. ತಿಕ್ಕಿದರು. ಅಲ್ಲೇ ಬಲ ಬಂತು. ಅಲ್ಲಿಂದ ಶುರುವಾಯಿತು. ಆ ದಶಕ ಮುಗಿಯುವುದರೊಳಗೆ ಅವರು ಮೆರಿಡಿಯನ್‌ಗಳನ್ನೂ ಸೇರಿಸಿಕೊಂಡರು: ಸೆರೇಟಸ್ ಶ್ವಾಸಕೋಶಕ್ಕೆ, ಸೊಂಟದ ಒಳಗಿನ ಸ್ನಾಯು ಸೋಯಾಸ್ ಮೂತ್ರಪಿಂಡಕ್ಕೆ, ಬೆನ್ನಿನ ಅಗಲ ಸ್ನಾಯು ಲ್ಯಾಟಿಸಿಮಸ್ ಗುಲ್ಮಕ್ಕೆ. ಅವರ ಶಿಷ್ಯ ಜಾನ್ ಥೀ 1973ರಲ್ಲಿ ಇದನ್ನು ಮನೆಮಂದಿಯೂ ಮಾಡಬಹುದಾದಷ್ಟು ಸರಳ ಮಾಡಿ, 14 ಮೆರಿಡಿಯನ್‌ಗೆ 14 ಸ್ನಾಯು ಎಂದು ಟಚ್ ಫಾರ್ ಹೆಲ್ತ್ ಹೆಸರಲ್ಲಿ ಕೊಟ್ಟರು. ಈ ಜೋಡಿಗಳು ಚೀನಾದ ಹಳೆಯ ಗ್ರಂಥಗಳಲ್ಲಿ ಇಲ್ಲ ಎಂದು ಆಕ್ಷೇಪಿಸುತ್ತಾರೆ. ಇಲ್ಲದಿದ್ದರೆ ಏನಾಯಿತು? ಗುಡ್‌ಹಾರ್ಟ್ ಗ್ರಂಥ ನೋಡಿ ಬರೆಯಲಿಲ್ಲ, ರೋಗಿಯನ್ನು ಮುಟ್ಟಿ ಬರೆದ.

ಬಿಂದುಗಳು ಬರೀ ಕಲ್ಪನೆ ಎನ್ನುವವರಿಗೂ ಒಂದು ಮಾತು. ವರ್ಮಾಂಟ್ ವಿಶ್ವವಿದ್ಯಾಲಯದಲ್ಲಿ ಹೆಲೆನ್ ಲ್ಯಾಂಜೆವಿನ್ ಮತ್ತು ಸಂಗಡಿಗರು ಶವದ ತೋಳನ್ನು ಪದರಪದರವಾಗಿ ನೋಡಿ 2002ರಲ್ಲಿ ಪ್ರಕಟಿಸಿದರು. ಅಕ್ಯುಪಂಕ್ಚರ್ ಬಿಂದುಗಳ ಪೈಕಿ ಶೇ. 80ರಷ್ಟು, ಸ್ನಾಯುಗಳ ನಡುವಿನ ಅಥವಾ ಒಳಗಿನ ಸಂಯೋಜಕ ಅಂಗಾಂಶದ ಪದರಗಳ ಮೇಲೆಯೇ ಬಿದ್ದಿದ್ದವು. ಅಂದರೆ ಸ್ನಾಯುವಿಗೂ ಬಿಂದುವಿಗೂ ನಂಟಿದೆ. ಇನ್ನೇನು ಬೇಕು?

ಪ್ರಯೋಗಗಳಲ್ಲಿ ಸೋತಿದೆಯಲ್ಲ ಎಂದು ಕೇಳುತ್ತಾರೆ. ಸೋತದ್ದು ಕೈಯಲ್ಲಿ ವಿಟಮಿನ್ ಶೀಶೆ ಹಿಡಿಸಿ ತೋಳು ಒತ್ತುವ ಆಟ. ಅದನ್ನು ನಾನು ಮಾಡುವುದಿಲ್ಲ, ಮಾಡುವವರನ್ನು ಸಮರ್ಥಿಸುವುದೂ ಇಲ್ಲ. ಎಲ್ಲ ವಿದ್ಯೆಯಲ್ಲೂ ವ್ಯಾಪಾರಿಗಳು ಸೇರಿಕೊಳ್ಳುತ್ತಾರೆ. ಯಂತ್ರದ ಮುಂದೆ ಕೂತು, ಕಂಪ್ಯೂಟರ್ ಪರದೆ ನೋಡುತ್ತಲೇ ‘ಮುಂದಿನವರು ಬನ್ನಿ’ ಎನ್ನುವ ದೊಡ್ಡ ಡಾಕ್ಟರುಗಳ ವಿರುದ್ಧ ಯಾರೂ ಪ್ರಬಂಧ ಬರೆಸುವುದಿಲ್ಲ ನೋಡಿ. ಮೂರು ತಿಂಗಳು, ಒಬ್ಬರೂ ಮುಟ್ಟಿರಲಿಲ್ಲ.

ವಿರೋಧ: ತೆಂಗಿನಕಾಯಿ ನಿಂತರೆ ಸಾಲದು, ನೀರು ಬರಬೇಕು

ಸಂಪಾದಕರಿಗೆ ಮೊದಲೇ ಹೇಳಿದ್ದೆ, ಇದಕ್ಕೆ ನಾನು ಸರಿಯಾದ ಮನುಷ್ಯನಲ್ಲ ಎಂದು. ಗಂಟು ಕಟ್ಟಿದ ಭುಜಕ್ಕೆ ನಾನೇ ಡ್ರೈ ನೀಡ್ಲಿಂಗ್ ಎಂದು, ಔಷಧಿಯಿಲ್ಲದ ಬರೀ ಸೂಜಿ ಚುಚ್ಚುತ್ತೇನೆ. ‘ಪರವಾಗಿಲ್ಲ, ವಿರೋಧ ಬರೆಯಲು ಬೇರೆ ಯಾರೂ ಸಿಗುತ್ತಿಲ್ಲ’ ಎಂದರು. ಸರಿ.

ಸ್ನಾಯುವಿನ ಬಲ ನೋಡುವುದು ನಮ್ಮ ದಿನನಿತ್ಯದ ಕೆಲಸ. ಕಳೆದ ಶತಮಾನದ ಆರಂಭದಲ್ಲಿ ಬಾಸ್ಟನ್ನಿನ ರಾಬರ್ಟ್ ಲವೆಟ್ ಪೋಲಿಯೋ ಮಕ್ಕಳಿಗಾಗಿ ರೂಪಿಸಿದ ವಿದ್ಯೆ ಇದು. ಸೊನ್ನೆಯಿಂದ ಐದರವರೆಗೆ ಅಂಕ ಕೊಡುತ್ತೇವೆ. ಆ ಅಂಕ ಸ್ನಾಯುವಿನ ಬಗ್ಗೆ, ಅದರ ನರದ ಬಗ್ಗೆ ಹೇಳುತ್ತದೆ. ನಿನ್ನೆ ತಿಂದ ಬೋಂಡದ ಬಗ್ಗೆ ಹೇಳುವುದಿಲ್ಲ. ಮೂರಕ್ಕೂ ನಾಲ್ಕಕ್ಕೂ ನಡುವೆ ನಾವು ನಾವೇ ಜಗಳವಾಡುವುದಿದೆ. ಅಂಥದ್ದರಲ್ಲಿ ಎರಡು ಸೆಕೆಂಡು ಒತ್ತಿ ಗುಲ್ಮದ ಸಮಾಚಾರ ಹೇಳುತ್ತೇನೆ ಎಂದರೆ ಅದು ವೈದ್ಯವಲ್ಲ, ಕಣಿ.

ನಕ್ಷೆಯನ್ನೇ ತೆಗೆದುಕೊಳ್ಳಿ. ಸಣ್ಣ ಕರುಳಿನ ಮೆರಿಡಿಯನ್ ಕಿರುಬೆರಳಲ್ಲಿ ಹುಟ್ಟಿ, ತೋಳಿನ ಹಿಂಬದಿಯಿಂದ ಭುಜ ಹತ್ತಿ, ಕೆನ್ನೆ ಬಳಸಿ ಕಿವಿಯ ಮುಂದೆ ಮುಗಿಯುತ್ತದೆ. ತೊಡೆಯ ಕಡೆ ಅದು ತಲೆ ಹಾಕುವುದೇ ಇಲ್ಲ. ಆದರೂ ತೊಡೆಯ ಸ್ನಾಯುವನ್ನು ಅದಕ್ಕೆ ಕಟ್ಟಿಬಿಟ್ಟರು. ಚೀನೀಯರ ನಕ್ಷೆ ನಿಜವಾದರೆ ಡೆಟ್ರಾಯಿಟ್ಟಿನವರ ಜೋಡಣೆಗೆ ಆಧಾರವಿಲ್ಲ. ಡೆಟ್ರಾಯಿಟ್ಟಿನದು ನಿಜವಾದರೆ ಚೀನೀ ಹೆಸರು ಯಾಕೆ? ಇಂಗ್ಲೆಂಡಿನಲ್ಲಿ ಅಕ್ಯುಪಂಕ್ಚರ್ ಕಲಿಸಿ ಹೆಸರಾದ ಡಾಕ್ಟರ್ ಫೀಲಿಕ್ಸ್ ಮಾನ್ ಕೊನೆಕೊನೆಗೆ ಮೆರಿಡಿಯನ್ ಎಂಬುದೇ ಇಲ್ಲ ಎಂದು ಬರೆದುಬಿಟ್ಟರು.

1988ರಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಮೂವರು ಅನುಭವಿ ಪರೀಕ್ಷಕರು 11 ಜನರ ಸ್ನಾಯು ಒತ್ತಿ, ಮೈಯಲ್ಲಿ ನಾಲ್ಕು ಪೋಷಕಾಂಶ ಸಾಕಷ್ಟಿದೆಯೇ ಎಂದು ಹೇಳಬೇಕಿತ್ತು. ಪರೀಕ್ಷಕರ ತೀರ್ಪು ಒಬ್ಬರದು ಇನ್ನೊಬ್ಬರಿಗೆ ಹೊಂದಲಿಲ್ಲ, ಲ್ಯಾಬಿನ ಫಲಿತಾಂಶಕ್ಕೂ ಹೊಂದಲಿಲ್ಲ. ಅದು ವಿಟಮಿನ್ನಿನದು, ಮೆರಿಡಿಯನ್ನಿನದಲ್ಲ ಎನ್ನಬಹುದು. ಒತ್ತುವ ಕೈ ಅದೇ ತಾನೆ?

ಆ ಕೈಯ ಬಗ್ಗೆಯೇ ಹೇಳಬೇಕು. ನಮ್ಮದು ಕೋಲಾರದ ಕಡೆ ಊರು. ಅಪ್ಪ ಬೋರು ಹಾಕಿಸುವಾಗ ಪಾಯಿಂಟ್ ಮಾಡುವವರೊಬ್ಬರನ್ನು ಕರೆಸಿದ್ದರು. ನಮ್ಮ ಕಡೆಯೂ ‘ಪಾಯಿಂಟ್’ ಎಂದೇ ಅನ್ನುವುದು, ನೋಡಿ. ಅಂಗೈ ಮೇಲೆ ತೆಂಗಿನಕಾಯಿ ಅಡ್ಡ ಮಲಗಿಸಿಕೊಂಡು ಹೊಲದ ತುಂಬ ನಡೆದರು. ಹುಣಸೆಮರದ ಹತ್ತಿರ ಕಾಯಿ ಎದ್ದು ನಿಂತಿತು. ನನಗೆ ಹನ್ನೆರಡು ವರ್ಷ, ಮೈ ಜುಮ್ಮೆಂದಿತ್ತು. ಆ ಮನುಷ್ಯ ಮೋಸಗಾರನಲ್ಲ, ಅವರ ಮುಖದಲ್ಲೂ ನನ್ನಷ್ಟೇ ಆಶ್ಚರ್ಯವಿತ್ತು. ಮೊದಲ ಬೋರಿನಲ್ಲಿ ಬರೀ ಧೂಳು. ಎರಡನೆಯದಕ್ಕೂ ಕಾಯಿ ನಿಂತಿತು, ಅದರಲ್ಲೂ ಧೂಳು. ಅಮ್ಮನ ಎರಡು ಬಳೆ ಹೋದವು. ಮನಸ್ಸು ಬಯಸಿದ್ದನ್ನು ನಮಗೇ ತಿಳಿಯದಂತೆ ಕೈ ಮಾಡಿಬಿಡುತ್ತದೆ ಎಂಬುದನ್ನು 1852ರಲ್ಲೇ ಇಂಗ್ಲೆಂಡಿನ ಶರೀರವಿಜ್ಞಾನಿ ವಿಲಿಯಂ ಕಾರ್ಪೆಂಟರ್ ‘ಐಡಿಯೋಮೋಟರ್’ ಎಂದು ಕರೆದಿದ್ದ. ಹೊಟ್ಟೆ ಮುಟ್ಟಿಸಿದಾಗ ತೊಡೆ ನಿಲ್ಲಬೇಕು ಎಂದು ಒತ್ತುವವರಿಗೆ ಗೊತ್ತಿದ್ದರೆ, ಒತ್ತಡ ತಾನಾಗಿ ಅರ್ಧ ಕಿಲೋ ಕಡಿಮೆಯಾಗುತ್ತದೆ. ಒತ್ತಿಸಿಕೊಳ್ಳುವವರೂ ಎರಡನೇ ಸಲ ಹುಷಾರಾಗಿರುತ್ತಾರೆ. ಬಿಂದು ಯಾವುದೆಂದು ಒತ್ತುವವರಿಗೆ ಗೊತ್ತಾಗದಂತೆ ಮಾಡಿ ನೋಡಲಿ, ನಾನೂ ಬಂದು ಕೂರುತ್ತೇನೆ.

ಮುಟ್ಟುವುದು ಒಳ್ಳೆಯದು, ಯಾರು ಬೇಡ ಎಂದರು? ನನ್ನ ತಕರಾರು ಮುಟ್ಟಿದ ಮೇಲೆ ಹೇಳುವ ಸುಳ್ಳಿನ ಬಗ್ಗೆ. ಹೋದ ವರ್ಷ ಒಬ್ಬರು ಪಾದ ಎಳೆದುಕೊಂಡು ಬಂದರು, ಮುಂಗಾಲು ಮೇಲೇಳುತ್ತಿರಲಿಲ್ಲ. ಎಲ್ಲೋ ತೋರಿಸಿದಾಗ ‘ಮೂತ್ರಕೋಶದ ಮೆರಿಡಿಯನ್ ದುರ್ಬಲ’ ಎಂದು ಕಾಲಿನ ಕಿರುಬೆರಳ ಉಗುರಿನ ಪಕ್ಕ ಆರು ವಾರ ತಟ್ಟಿಸಿಕೊಂಡಿದ್ದರಂತೆ. ಸೊಂಟದಲ್ಲಿ ಡಿಸ್ಕು ಜಾರಿ ನರ ಒತ್ತುತ್ತಿತ್ತು. ಆಪರೇಷನ್ ಆಯಿತು, ಪಾದ ಪೂರ್ತಿ ಬರಲಿಲ್ಲ. ಈಗಲೂ ಚಪ್ಪಲಿಯ ತುದಿ ಸವೆಯುತ್ತದೆ.

ಇಷ್ಟು ಬರೆದರೆ ಸಾಕಾಗಿತ್ತೇನೋ. ಆದರೆ ಅಂಕಿ ಅಂಶ ಹೇಳುವಾಗ ಪೂರ್ತಿ ಹೇಳಬೇಕು. ಜರ್ಮನಿಯಲ್ಲಿ ಬೆನ್ನುನೋವಿನ 1162 ಜನರ ಮೇಲೆ ಮಾಡಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸರಿಯಾದ ಬಿಂದುವಿಗೆ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುವಲ್ಲದ ಕಡೆ ಮೇಲೆ ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2 ಮಂದಿಗೆ ಗುಣ ಕಂಡಿತು. ಬಿಂದು ಎಲ್ಲಿದ್ದರೇನು ಎಂಬ ನನ್ನ ವಾದಕ್ಕೆ ಇದು ಬೆಂಬಲವೇ. ಆದರೆ ಮಾತ್ರೆ, ವ್ಯಾಯಾಮ ಎಂದು ನಮ್ಮಂಥವರ ಕೈಗೆ ಸಿಕ್ಕವರಲ್ಲಿ ಗುಣ ಕಂಡವರು ಶೇ. 27.4 ಮಾತ್ರ. ಇದನ್ನು ಮುಚ್ಚಿಟ್ಟು ಬರೆಯಲು ನನ್ನಿಂದಾಗದು.

ಇನ್ನೊಂದು, ಮಣಿಕಟ್ಟಿನಿಂದ ಮೂರು ಬೆರಳು ಮೇಲಿರುವ ನೈಗ್ವಾನ್ ಬಿಂದು. ಆಪರೇಷನ್ ನಂತರದ ವಾಂತಿ ತಡೆಯಲು ಅದು ತಕ್ಕಮಟ್ಟಿಗೆ ನೆರವಾಗುತ್ತದೆ ಎಂದು ಎಷ್ಟೋ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಮೀಕ್ಷೆಯವರೂ ಒಪ್ಪಿದ್ದಾರೆ. ಅದಕ್ಕೆ ಯಾರ ತೋಳನ್ನೂ ಒತ್ತಿ ನೋಡಬೇಕಿಲ್ಲ ಎನ್ನಿ. ಮೊನ್ನೆ ಶಿರಾಡಿ ಘಾಟಿ ಇಳಿಯುವಾಗ ನನ್ನವಳು ಮಾತಿಲ್ಲದೆ ಕೈ ಮುಂದೆ ಚಾಚಿದಳು. ಗುಂಡ್ಯದವರೆಗೂ ಒತ್ತಿ ಹಿಡಿದುಕೊಂಡೇ ಕೂತಿದ್ದೆ. ವಾಂತಿಯಾಗಲಿಲ್ಲ. ಬಾಯಲ್ಲಿ ಶುಂಠಿ ಪೆಪ್ಪರ್‌ಮಿಂಟೂ ಇತ್ತು.