ಎಲ್ಲ ನೋಡಿದ್ದಾಯ್ತು

ಶ್ರೀಲಂಕಾಕ್ಕೆ ಹೊರಡುವ ಮೊದಲೇ ನಾನೂ ಅಕ್ಕನೂ ಒಪ್ಪಂದ ಮಾಡಿಕೊಂಡಿದ್ದೆವು. ಅರ್ಧ ದಿನ ತಿರುಗಾಟ, ಅರ್ಧ ದಿನ ವಿಶ್ರಾಂತಿ. ನನ್ನ ಮಂಡಿಗೆ 54 ವರ್ಷ, ಅವಳದ್ದಕ್ಕೆ 61. ಬೆಂಗಳೂರಿನಿಂದ ಕೊಲಂಬೊಗೆ ಹಾರಾಟ ಒಂದೂವರೆ ಗಂಟೆ ಅಷ್ಟೆ. ನಮಗೆ ಮೈಸೂರಿನಿಂದ ಏರ್‌ಪೋರ್ಟಿಗೆ ಬರೋದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತಾಗಿತ್ತು. ವಿಮಾನದಲ್ಲಿ ಅಕ್ಕನ ನೋಟ್‌ಬುಕ್ಕಿಗೆ ಇಣುಕಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ಕೆಂಪು ಇಂಕಿನಲ್ಲಿ ಬರೆದಿತ್ತು: ‘ವಿಶ್ರಾಂತಿ, 2.10ರಿಂದ 2.40’.

ಸಿಗಿರಿಯಾದ ಬಂಡೆಗೆ ಸುಮಾರು 1200 ಮೆಟ್ಟಿಲು. “ಚಾಮುಂಡಿ ಬೆಟ್ಟ ಹತ್ತಿಲ್ವೇನೇ ನಾವು?” ಅಂದಳು ಅಕ್ಕ. ಹತ್ತಿದ್ದೆವು. ಆಗ ನಾನು ಪಿಯುಸಿ. ಐದನೇ ಶತಮಾನದಲ್ಲಿ ಕಾಶ್ಯಪ ಅನ್ನೋ ರಾಜ ಅಪ್ಪನನ್ನು ಕೊಂದು, ಮಲಸೋದರನಿಗೆ ಹೆದರಿ ಈ ಬಂಡೆಯ ನೆತ್ತಿಯ ಮೇಲೆ ಅರಮನೆ ಕಟ್ಟಿಕೊಂಡನಂತೆ. ಅಪ್ಪನನ್ನು ಕೊಂದದ್ದು ತಪ್ಪೇ. ಒಡಹುಟ್ಟಿಗೆ ಹೆದರಿ ಬಂಡೆ ಹತ್ತಿದ್ದು ಮಾತ್ರ ನನಗೆ ಚೆನ್ನಾಗಿ ಅರ್ಥವಾಯಿತು. ಅವತ್ತು ನಾನು ಹತ್ತಿದ್ದೂ ಹಾಗೇ.

ಹೋಮ್‌ಸ್ಟೇಯಲ್ಲಿ ಬೆಳಗ್ಗೆ ಅಪ್ಪದ ಜೊತೆ ಕೆಂಪಗಿನ ಕಾಯಿತುರಿ ಚಟ್ನಿ ಕೊಡುತ್ತಿದ್ದರು. ಹೆಸರು ಪೋಲ್ ಸಂಬೋಲ. ಅಕ್ಕನಿಗೆ ಅದರ ಹುಚ್ಚೇ ಹಿಡಿಯಿತು. ಎರಡು ದಿನ ಬಡಿಸಿಕೊಂಡು ಬಡಿಸಿಕೊಂಡು ತಿಂದಳು. ಮೂರನೇ ದಿನ ನೋಟ್‌ಬುಕ್ ಹಿಡಿದು ಅಡುಗೆಮನೆಗೇ ಹೋದಳು. ಆ ಮನೆಯಾಕೆ ಹೇಳುತ್ತಾ ಹೋದರು, ಇವಳು ಬರೆಯುತ್ತಾ ಹೋದಳು. ತೆಂಗಿನಕಾಯಿ, ಸಣ್ಣ ಈರುಳ್ಳಿ, ಒಣಮೆಣಸಿನಕಾಯಿ, ಉಪ್ಪು, ನಿಂಬೆರಸ, ಆಮೇಲೆ ಒಣಮೀನಿನ ಪುಡಿ.

ಪೆನ್ನು ನಿಂತಿತು.

“ಸ್ವಲ್ಪವೇ ಹಾಕೋದು, ರುಚಿಗೆ,” ಅಂದರು ಆಕೆ ಇಂಗ್ಲಿಷಿನಲ್ಲಿ, ಸಮಾಧಾನ ಹೇಳುವ ಹಾಗೆ. ಅಕ್ಕ ನನ್ನ ಕಡೆ ನೋಡಲಿಲ್ಲ. ಆ ಸಾಲಿನಲ್ಲಿ ‘ಇಂಗು’ ಅಂತ ಬರೆದು ಪುಸ್ತಕ ಮುಚ್ಚಿದಳು.

ಮುಂದಿನ ಊರಿನ ಹೆಸರು ಎಲ್ಲ. ನಿಜವಾಗಿಯೂ ‘ಎಲ್ಲ’ ಅಂತಲೇ. “ಎಲ್ಲ ನೋಡಬೇಕು ಅಂತಿದ್ದೆಯಲ್ಲ, ತಗೋ,” ಅಂದೆ. ಕ್ಯಾಂಡಿಯಿಂದ ಅಲ್ಲಿಗೆ ರೈಲಿನಲ್ಲಿ ಹೆಚ್ಚುಕಡಿಮೆ ಏಳು ಗಂಟೆ. ಎರಡೂ ಕಡೆ ಟೀ ತೋಟ, ಬಾಗಿಲಲ್ಲಿ ನೇತಾಡುವ ಹುಡುಗರು. ವಡೆ ಮಾರುವವನು ಬಂದ. ಕೆಲವು ವಡೆಗಳ ನೆತ್ತಿಯ ಮೇಲೆ ಇಡೀ ಸಿಗಡಿಯೇ ಕೂತಿತ್ತು. ಅವನ್ನು ಬಿಟ್ಟು, ನಮ್ಮ ಅಂಬೊಡೆಯಂಥದ್ದು ನಾಲ್ಕು ತೆಗೆದುಕೊಂಡೆವು. “ಇಂಗು ಇಲ್ಲ ತಾನೆ?” ಅಂತ ಕೇಳಿದ್ದಕ್ಕೆ ಅಕ್ಕ ಮೊಣಕೈಯಲ್ಲಿ ತಿವಿದಳು. ವಡೆ ಕಟ್ಟಿದ್ದು ಯಾವುದೋ ಮಗುವಿನ ಲೆಕ್ಕದ ಪುಸ್ತಕದ ಹಾಳೆಯಲ್ಲಿ. ಎಣ್ಣೆಯ ಕಲೆಯ ಮಧ್ಯೆ 47 × 6 = 272 ಅಂತ ಕಾಣುತ್ತಿತ್ತು. ಅಕ್ಕ ಅಂಬೊಡೆ ಬಾಯಲ್ಲಿಟ್ಟುಕೊಂಡೇ ಪೆನ್ನು ತೆಗೆದು 282 ಅಂತ ತಿದ್ದಿದಳು. “ದಶಕ ಸರಿಯಾಗಿ ಕೂಡಿಸಿಲ್ಲ,” ಅಂದಳು.

ಆಮೇಲೆ ಸೇತುವೆಯ ಪಾಠ ಶುರುವಾಯಿತು. ಒಂಬತ್ತು ಕಮಾನಿನ ಸೇತುವೆ, ಕಟ್ಟಿದ್ದು 1921ರಲ್ಲಿ, ಬರೀ ಕಲ್ಲು, ಇಟ್ಟಿಗೆ, ಸಿಮೆಂಟು ಅಷ್ಟೆ. ಉಕ್ಕು ಇಲ್ಲವೇ ಇಲ್ಲ. ಎಲ್ಲದಲ್ಲಿ ಇಳಿದು, ನಡೆದುಕೊಂಡು ಹೋಗಿ ನೋಡಬೇಕು. “ನೀನು ನಿದ್ದೆ ಮಾಡು, ಸ್ಟೇಷನ್ ಬಂದಾಗ ನಾನು ಎಬ್ಬಿಸ್ತೀನಿ,” ಅಂತ ದೊಡ್ಡ ಮನಸ್ಸು ಮಾಡಿದಳು. ದೇಶದ ಅತಿ ಎತ್ತರದ ಸ್ಟೇಷನ್ ಪಟ್ಟಿಪೊಲದಲ್ಲಿ ತಣ್ಣನೆ ಗಾಳಿ ಬೀಸಿತು. ಶಾಲು ಹೊದ್ದೆ. ಹಪುತಲೆಯ ಬೋರ್ಡು ಮಸುಕಾಗಿ ಕಂಡ ನೆನಪು.

ಎಚ್ಚರವಾದಾಗ ಬೋಗಿ ಅರ್ಧ ಖಾಲಿ. ಅಕ್ಕನ ತಲೆ ನನ್ನ ಭುಜದ ಮೇಲಿತ್ತು, ಬಾಯಿ ತೆರೆದಿತ್ತು.

“ಅಕ್ಕಾ, ಎಲ್ಲ ಹೋಯ್ತು!”

“ಅಯ್ಯೋ, ಪಾಸ್‌ಪೋರ್ಟೂ ಹೋಯ್ತಾ?” ಅಂತ ಬ್ಯಾಗು ತಡಕಿದಳು.

ಎದುರಿಗೆ ಕೂತ ಹುಡುಗಿ ಬದುಲ್ಲದವಳು. ನಾವೂ ಅಲ್ಲಿಗೇ ಅಂದುಕೊಂಡು ಎಬ್ಬಿಸಿರಲಿಲ್ಲವಂತೆ. ಪಾಪ, ಸೇತುವೆ ದಾಟುವಾಗ ತೆಗೆದ ವಿಡಿಯೊ ತೋರಿಸಿದಳು. ಹಳಿಯ ಪಕ್ಕದಲ್ಲಿ ಜನವೋ ಜನ, ಎಲ್ಲರೂ ನಮ್ಮ ರೈಲಿಗೆ ಕೈ ಬೀಸುತ್ತಿದ್ದಾರೆ, ಫೋಟೊ ಹೊಡೆಯುತ್ತಿದ್ದಾರೆ. ಮೂಲೆಯಲ್ಲಿ ನಾವಿಬ್ಬರು, ತಲೆಗೆ ತಲೆ ಆನಿಸಿಕೊಂಡು. ಗೊರಕೆ ಕೂಡ ರೆಕಾರ್ಡ್ ಆಗಿತ್ತು. ಯಾರದ್ದು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ದೆಮೊದರ ಅನ್ನುವ ಮುಂದಿನ ಸ್ಟೇಷನ್ನಿನಲ್ಲಿ ದಡಬಡ ಇಳಿದೆವು. ರೈಲು ಹೋಯಿತು. ವಾಪಸ್ ಹೋಗಲು ಆಟೊ ಸಿಗುತ್ತದಾ ಅಂತ ವಿಚಾರಿಸುತ್ತಿರುವಾಗ ಅದೇ ರೈಲು ನಮ್ಮ ಕಾಲ ಕೆಳಗಿನ ಸುರಂಗದಿಂದ ಹೊರಗೆ ಬಂತು! ಇಲ್ಲಿ ಹಳಿ ಗುಡ್ಡವನ್ನು ಸುತ್ತಿ ಇಳಿದು, ಸ್ಟೇಷನ್ನಿನ ಅಡಿಯಿಂದಲೇ ಹಾದುಹೋಗುತ್ತದೆ. ಅಕ್ಕ ಪ್ಲಾಟ್‌ಫಾರಂ ಅಂಚಿಗೆ ಓಡಿ ಕೈ ಬೀಸಿದಳು.

ಆಮೇಲೆ ಬೆಂಚಿನ ಮೇಲೆ ಕೂತು ನೋಟ್‌ಬುಕ್ ತೆಗೆದಳು. ‘ಒಂಬತ್ತು ಕಮಾನಿನ ಸೇತುವೆ’ ಅನ್ನುವುದರ ಮುಂದೆ ಒಂದು ಟಿಕ್ ಹಾಕಿದಳು.

“ನೋಡೇ ಇಲ್ವಲ್ಲೇ ಅಕ್ಕಾ?”

“ದಾಟಿದ್ದೀವಲ್ಲ,” ಅಂದು, ಕೆಳಗಿನ ‘ವಿಶ್ರಾಂತಿ’ಗೂ ಒಂದು ಟಿಕ್ ಹಾಕಿದಳು.